ಒಂದೂವರೆ ನಿಮಿಷದ ಕೃತಜ್ಞತೆ

ಟೊರಾಂಟೊ ನಗರದ ಕ್ವೀನ್ಸ್ ಪಾರ್ಕಿನಲ್ಲಿ ನಸುಗೆಂಪು ಮರಳುಗಲ್ಲಿನ ಒಂದು ಭವ್ಯ ಕಟ್ಟಡವಿದೆ. ಕೆನಡಾದ ಅತಿ ಹೆಚ್ಚು ಜನಸಂಖ್ಯೆಯ ಪ್ರಾಂತ್ಯವಾದ ಒಂಟಾರಿಯೊದ ಶಾಸನಸಭೆ 1893ರಿಂದಲೂ ಅಲ್ಲಿಯೇ ಸೇರುತ್ತಿದೆ. 2024ರ ನವೆಂಬರ್‌ನಲ್ಲಿ, ಮಿಸಿಸಾಗಾದಲ್ಲಿರುವ ಮಗಳ ಮನೆಯಲ್ಲಿ ನಾನು ತಂಗಿದ್ದಾಗ, ಒಂದು ಬೆಳಿಗ್ಗೆ ಅದರ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತುಕೊಳ್ಳುವ ಅವಕಾಶ ದೊರೆಯಿತು. ಮಗಳ ಪಕ್ಕದ ಮನೆಯ ಮಹಿಳೆಯೊಬ್ಬರು ಹಿಂಸೆಗೊಳಗಾದ ಹೆಂಗಸರ ಆಶ್ರಯಧಾಮವೊಂದರಲ್ಲಿ ಬಹಳ ವರ್ಷಗಳಿಂದ ದುಡಿಯುತ್ತಿರುವವರು. ಅಂಥವರ ಸೇವೆಯನ್ನು ಸದನದಲ್ಲಿ ಸ್ಮರಿಸಲಾಗುವುದೆಂದು ಅವರಿಗೆ ಆಹ್ವಾನ ಬಂದಿತ್ತು. ಜೊತೆಗೆ ಬರುವಿರಾ ಎಂದು ಕೇಳಿದರು, ಹೋದೆ. ನಿವೃತ್ತ ಅಧಿಕಾರಿಗೆ ಶಾಸನಸಭೆಯ ಕಲಾಪಕ್ಕಿಂತ ದೊಡ್ಡ ಪ್ರವಾಸಿ ತಾಣ ಬೇರೊಂದಿಲ್ಲ.

ಅಲ್ಲಿನ ಪದ್ಧತಿ ಹೀಗಿದೆ. ಬೆಳಿಗ್ಗೆ 10.15ಕ್ಕೆ ಸದಸ್ಯರ ಹೇಳಿಕೆಗಳು ಆರಂಭವಾಗುತ್ತವೆ. ಮಂತ್ರಿಗಳಲ್ಲದ ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ಕ್ಷೇತ್ರಕ್ಕೆ ಸಂಬಂಧಿಸಿದ ಯಾವುದೇ ವಿಷಯದ ಬಗ್ಗೆ ಗರಿಷ್ಠ ಒಂದೂವರೆ ನಿಮಿಷ ಮಾತನಾಡಬಹುದು. ನಮ್ಮ ವಿಧಾನಸಭೆಯ ಶೂನ್ಯ ವೇಳೆಯನ್ನು ಅಧಿಕಾರಿಗಳ ಗ್ಯಾಲರಿಯಿಂದ ವರ್ಷಗಟ್ಟಲೆ ಕಂಡಿರುವ ನನಗೆ ಆ ಶಿಸ್ತು ಅಚ್ಚರಿಯನ್ನೇ ಉಂಟುಮಾಡಿತು. ಯಾರೂ ಬಾವಿಗಿಳಿಯಲಿಲ್ಲ, ಯಾರೂ ಯಾರ ಮಾತನ್ನೂ ಕಡಿಯಲಿಲ್ಲ. ಒಬ್ಬರು ತಮ್ಮೂರಿನ ಆಹಾರ ಬ್ಯಾಂಕಿನ ಮುಂದೆ ಬೆಳೆಯುತ್ತಿರುವ ಸಾಲಿನ ಬಗ್ಗೆ ಮಾತನಾಡಿದರು. ಇನ್ನೊಬ್ಬರು ಚಳಿಗಾಲಕ್ಕೆ ಕೋಟು ಸಂಗ್ರಹಿಸುವ ಸ್ವಯಂಸೇವಕರನ್ನು ಅಭಿನಂದಿಸಿದರು. ಮತ್ತೊಬ್ಬರು ಆಶ್ರಯಧಾಮಗಳ ಸಿಬ್ಬಂದಿಗೆ ವಂದನೆ ಹೇಳಿದರು. ನವೆಂಬರ್ ಆ ಪ್ರಾಂತ್ಯದಲ್ಲಿ ಮಹಿಳಾ ದೌರ್ಜನ್ಯ ತಡೆಯ ತಿಂಗಳು. ಅದರ ಗುರುತಾಗಿ ಹಲವರ ಕೊರಳಲ್ಲಿ ನೇರಳೆ ಬಣ್ಣದ ಶಾಲಿತ್ತು. ಸದನ ಮೇಜು ತಟ್ಟಿತು, ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಗ್ಯಾಲರಿಯಲ್ಲಿದ್ದವರು ಮಾತ್ರ ಚಪ್ಪಾಳೆ ತಟ್ಟುವಂತಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಮಹಿಳೆ ತಮಗೇ ಸಲ್ಲುತ್ತಿದ್ದ ಕರತಾಡನವನ್ನು ಕೈಕಟ್ಟಿ ಕೇಳಿದರು.

ಈ ಹೇಳಿಕೆಗಳಿಗೆ ಒಂದು ವಿಶೇಷ ಲಕ್ಷಣವಿದೆ. ಅವುಗಳಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಕಾಲು ಗಂಟೆಯ ನಂತರ, 10.30ಕ್ಕೆ, ಪ್ರಶ್ನೋತ್ತರ ಆರಂಭವಾಗುತ್ತದೆ. ಮಂತ್ರಿಗಳು ಎದ್ದು ನಿಂತು ಏನಾದರೂ ಹೇಳಲೇಬೇಕು. ಹೇಳಿಕೆಯ ಅವಧಿಯಲ್ಲಿ ಹೇಳಿದ್ದು ಮುದ್ರಿತ ಕಲಾಪದಲ್ಲಿ ಸೇರಿ ಅಲ್ಲಿಗೆ ಮುಗಿಯುತ್ತದೆ. ಕೃತಜ್ಞತೆಗೆ ಇದಕ್ಕಿಂತ ಅನುಕೂಲವಾದ ಸ್ಥಳ ಇನ್ನೊಂದಿಲ್ಲ, ಹಸಿವಿಗೆ ಇದಕ್ಕಿಂತ ಅನನುಕೂಲವಾದ ಸ್ಥಳವೂ ಇಲ್ಲ.

ಆ ಶಾಸಕರು ಆಷಾಢಭೂತಿಗಳೆಂದು ನಾನು ಹೇಳುತ್ತಿಲ್ಲ. ವಿರೋಧ ಪಕ್ಷದ ಸಾಮಾನ್ಯ ಸದಸ್ಯನಿಗೆ ಆ ಒಂದೂವರೆ ನಿಮಿಷವೇ ದೊಡ್ಡ ಆಸ್ತಿ. ಅದನ್ನು ತನ್ನೂರಿನ ಕಬಡ್ಡಿ ತಂಡಕ್ಕೆ, ಅಂದರೆ ಅವರ ಹಾಕಿ ತಂಡಕ್ಕೆ, ವ್ಯಯಿಸದೆ ಹಸಿದವರಿಗೆ ಮೀಸಲಿಡುವುದು ಸಣ್ಣ ವಿಷಯವಲ್ಲ. ಕೆನಡಾದ ಸಂಸತ್ತಿನ ಇತಿಹಾಸವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. 1982ರ ಮೇ ತಿಂಗಳಲ್ಲಿ ವ್ಯಾಂಕೂವರಿನ ಸಂಸದೆ ಮಾರ್ಗರೆಟ್ ಮಿಚೆಲ್ ಅವರು ಒಟ್ಟಾವಾದ ಸಂಸತ್ತಿನಲ್ಲಿ ಎದ್ದು ನಿಂತು, ಸಮಿತಿಯ ವರದಿಯೊಂದನ್ನು ಆಧರಿಸಿ, ಹತ್ತರಲ್ಲಿ ಒಬ್ಬ ಗಂಡ ಹೆಂಡತಿಯನ್ನು ಹೊಡೆಯುತ್ತಾನೆ, ಸರ್ಕಾರ ಏನು ಮಾಡುತ್ತದೆ ಎಂದು ಕೇಳಿದ್ದರು. ಸದನದಲ್ಲಿ ನಗೆಯೆದ್ದಿತು. ಆ ನಗು ದೇಶವನ್ನು ಎಚ್ಚರಿಸಿತೆಂದು ಅಲ್ಲಿನವರು ಈಗಲೂ ನೆನೆಯುತ್ತಾರೆ. ನಗೆಯಿಂದ ನೇರಳೆ ಶಾಲಿನವರೆಗೆ ನಾಲ್ಕು ದಶಕಗಳ ಹಾದಿ. ಅದು ಪ್ರಗತಿಯೇ. ಆದರೆ ಒಬ್ಬ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಬಿಲ್ಲುಗಳಿಗೆ ಸಹಿ ಹಾಕಿಯೇ ಸೇವಾವಧಿ ಕಳೆದವನಾಗಿ, ನನಗೆ ಶಾಲಿಗಿಂತ ಲೆಕ್ಕದ ಪುಸ್ತಕದಲ್ಲಿ ಆಸಕ್ತಿ.

ಆ ಪುಸ್ತಕ ಹೀಗಿದೆ. ಆಶ್ರಯಧಾಮಗಳಿಗೆ ಹಣ ಕೊಡುವುದು ಮುಖ್ಯವಾಗಿ ಪ್ರಾಂತ್ಯ ಸರ್ಕಾರ. 2019ರಲ್ಲಿ ಇದೇ ಸದನ 124ನೇ ಮಸೂದೆಯನ್ನು ಅಂಗೀಕರಿಸಿ, ಸಾರ್ವಜನಿಕ ವಲಯದ ಸಂಬಳ ಏರಿಕೆಯನ್ನು ಮೂರು ವರ್ಷಗಳ ಕಾಲ ವರ್ಷಕ್ಕೆ ಶೇ 1ಕ್ಕೆ ಕಟ್ಟಿಹಾಕಿತು. ಸರ್ಕಾರದಿಂದ ವರ್ಷಕ್ಕೆ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಪಡೆಯುವ ಲಾಭರಹಿತ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬಂದವು. ಹಣದುಬ್ಬರ ಏರುತ್ತಿದ್ದ ದಿನಗಳಲ್ಲಿ ಈ ಕಟ್ಟು ಬಿಗಿಯಾಗಿಯೇ ಇತ್ತು. 2022ರ ನವೆಂಬರ್‌ನಲ್ಲಿ ನ್ಯಾಯಾಲಯ ಆ ಕಾಯ್ದೆಯನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು, 2024ರ ಫೆಬ್ರುವರಿಯಲ್ಲಿ ಮೇಲ್ಮನವಿಯಲ್ಲೂ ಸರ್ಕಾರ ಸೋತು ಅದನ್ನು ಹಿಂತೆಗೆದುಕೊಂಡಿತು. ಆ ಅವಧಿಯ ನವೆಂಬರ್‌ಗಳಲ್ಲೂ ಶಾಲು ಹೊದೆಯುವುದು ನಿಂತಿರಲಿಲ್ಲ.

ಇನ್ನೊಂದು ಪುಟ. 2015ರ ಸೆಪ್ಟೆಂಬರ್ 22ರಂದು ಒಂಟಾರಿಯೊದ ರೆನ್‌ಫ್ರೂ ಜಿಲ್ಲೆಯಲ್ಲಿ ಒಬ್ಬನೇ ವ್ಯಕ್ತಿ ಒಂದೇ ಬೆಳಿಗ್ಗೆ ತನಗೆ ಹಿಂದೆ ಪರಿಚಯವಿದ್ದ ಮೂವರು ಮಹಿಳೆಯರನ್ನು ಕೊಂದ. 2022ರಲ್ಲಿ ನಡೆದ ಮರಣ ವಿಚಾರಣೆಯ ತೀರ್ಪುಗಾರರು 86 ಶಿಫಾರಸುಗಳನ್ನು ಕೊಟ್ಟರು. ಮೊದಲನೆಯದು, ಸಂಗಾತಿಯಿಂದಾಗುವ ಹಿಂಸೆಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕೆಂಬುದು. ಟೊರಾಂಟೊ, ಒಟ್ಟಾವಾ ಸೇರಿ ಅನೇಕ ನಗರಸಭೆಗಳು ಹಾಗೆ ಘೋಷಿಸಿದವು. ಪ್ರಾಂತ್ಯದ ಸದನದಲ್ಲಿ 2024ರಲ್ಲಿ ವಿರೋಧ ಪಕ್ಷದ ಸದಸ್ಯರು 173ನೇ ಮಸೂದೆಯನ್ನು ಮಂಡಿಸಿದರು. ಎರಡನೆಯ ವಾಚನಕ್ಕೆ ಸರ್ಕಾರವೂ ಬೆಂಬಲ ಕೊಟ್ಟು ಸಮಿತಿಗೆ ಒಪ್ಪಿಸಿತು. ಸಮಿತಿಗೆ ಒಪ್ಪಿಸುವುದೆಂದರೇನು ಎಂಬುದನ್ನು ಕಡತಗಳ ನಡುವೆ ಬದುಕಿದವರಿಗೆ ವಿವರಿಸಬೇಕಿಲ್ಲ. 2025ರ ಜನವರಿ ಕೊನೆಯಲ್ಲಿ ಅವಧಿಗೆ ಮುಂಚೆಯೇ ಸದನ ವಿಸರ್ಜನೆಗೊಂಡಿತು, ಮಸೂದೆ ಅಲ್ಲಿಗೆ ಸತ್ತಿತು.

ಶಾಸನಸಭೆಯಿಂದ ಹಿಂದಿರುಗುವಾಗ ರೈಲಿನಲ್ಲಿ ಆಕೆ ತಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಿದರು. ಆಶ್ರಯಧಾಮದ ವಿಳಾಸ ಗುಟ್ಟಾಗಿರುತ್ತದೆ. ಅವರ ಮಕ್ಕಳಿಗೂ ಅಮ್ಮ ಎಲ್ಲಿ ಕೆಲಸ ಮಾಡುತ್ತಾಳೆಂಬುದು ಬಹಳ ಕಾಲ ಗೊತ್ತಿರಲಿಲ್ಲ. ರಾತ್ರಿ ಪಾಳಿಯ ಮುಖ್ಯ ಕೆಲಸ ಫೋನು ಎತ್ತುವುದು. ಅತ್ತ ಕಡೆಯ ಹೆಂಗಸು ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ ಪಿಸುದನಿಯಲ್ಲಿ ಮಾತನಾಡುತ್ತಿರುತ್ತಾಳೆ. ಹಾಸಿಗೆ ಖಾಲಿಯಿದ್ದರೆ ಟ್ಯಾಕ್ಸಿ ಕಳಿಸಬಹುದು. ಇಲ್ಲದಿದ್ದರೆ ಪಕ್ಕದ ಊರಿನ ಆಶ್ರಯಧಾಮಗಳಿಗೆ ಒಂದಾದ ಮೇಲೊಂದು ಕರೆ ಮಾಡಬೇಕು. ‘ಹದಿನೈದು ವರ್ಷಗಳ ಹಿಂದೆ ನಾನು ಬನ್ನಿ ಎನ್ನುತ್ತಿದ್ದೆ, ಈಗ ಹೆಚ್ಚಾಗಿ ಇಲ್ಲ ಎನ್ನುತ್ತೇನೆ’ ಎಂದರು. ಒಳಗೆ ಬಂದವರಿಗೆ ಹೊರಗೆ ಬಾಡಿಗೆಗೆ ಮನೆ ಸಿಗದು, ಆದ್ದರಿಂದ ಹಾಸಿಗೆ ತೆರವಾಗದು. ಕೆಲವರು ಹೊಡೆಯುವವನ ಮನೆಗೇ ಮರಳುತ್ತಾರಂತೆ. ಸದನದಲ್ಲಿ ಹೊಗಳಿದಾಗ ಏನನ್ನಿಸಿತು ಎಂದು ಕೇಳಿದೆ. ಚೆನ್ನಾಗಿತ್ತು ಎಂದರು, ಗಡಿಯಾರ ನೋಡಿಕೊಂಡರು. ಆ ದಿನ ಮಧ್ಯಾಹ್ನದ ಪಾಳಿ ಇತ್ತು.

ಮನೆ ಏಕೆ ಸಿಗದು ಎಂಬ ಪ್ರಶ್ನೆಯೇ ಆಹಾರ ಬ್ಯಾಂಕಿನ ಸಾಲಿಗೂ ಕರೆದೊಯ್ಯುತ್ತದೆ. ಒಂಟಾರಿಯೊದಲ್ಲಿ ಕೆಲಸವಿಲ್ಲದ ಒಂಟಿ ವ್ಯಕ್ತಿಗೆ ಪ್ರಾಂತ್ಯ ಸರ್ಕಾರ ಕೊಡುವ ಸಾಮಾಜಿಕ ನೆರವು ತಿಂಗಳಿಗೆ ಗರಿಷ್ಠ 733 ಡಾಲರ್: ಬದುಕಿನ ಖರ್ಚಿಗೆ 343, ವಸತಿಗೆ 390. 2018ರಲ್ಲಿ ಈ ಮೊತ್ತ ನಿಗದಿಯಾದದ್ದು, ನಾನು ಗ್ಯಾಲರಿಯಲ್ಲಿ ಕುಳಿತ ದಿನವೂ ಅಷ್ಟೇ ಇತ್ತು. ಟೊರಾಂಟೊದಲ್ಲಿ ಒಂದು ಕೋಣೆಯ ಮನೆಯ ಬಾಡಿಗೆ ಎರಡು ಸಾವಿರ ಡಾಲರ್ ದಾಟಿದ್ದ ದಿನಗಳವು. ಅದೇ ತಿಂಗಳ ಆಸುಪಾಸಿನಲ್ಲಿ ಸರ್ಕಾರ ಇನ್ನೊಂದು ಘೋಷಣೆ ಮಾಡಿತ್ತು. ತೆರಿಗೆ ವಿವರ ಸಲ್ಲಿಸಿದ ಪ್ರತಿ ವಯಸ್ಕನಿಗೂ, ಮಕ್ಕಳಿಗೂ ತಲಾ 200 ಡಾಲರಿನ ಚೆಕ್, ಒಟ್ಟು ವೆಚ್ಚ ಸುಮಾರು 300 ಕೋಟಿ ಡಾಲರ್. ಇಬ್ಬರೂ ದುಡಿಯುವ ನನ್ನ ಮಗಳು, ಅಳಿಯ ಮತ್ತು ಮೊಮ್ಮಗಳ ಪಾಲಿಗೆ 600 ಡಾಲರ್. ಅಳಿಯ ಅದರಲ್ಲಿ ಕಾರಿಗೆ ಚಳಿಗಾಲದ ಟೈರು ಹಾಕಿಸುವ ಯೋಚನೆ ಮಾಡಿದರು. ಹಣವಿಲ್ಲದೆ 733 ಅಲ್ಲಿಯೇ ನಿಂತಿತ್ತೆಂದು ಇನ್ನು ಯಾರೂ ನನಗೆ ಹೇಳಲಾರರು.

ಟೊರಾಂಟೊದ ಡೈಲಿ ಬ್ರೆಡ್ ಆಹಾರ ಬ್ಯಾಂಕ್ ಮತ್ತು ಅದರ ಜೊತೆಗಾರ ಸಂಸ್ಥೆಯ ಲೆಕ್ಕದ ಪ್ರಕಾರ, 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಆ ನಗರದ ಆಹಾರ ಬ್ಯಾಂಕುಗಳಿಗೆ ಜನ ಬಂದದ್ದು 34.9 ಲಕ್ಷ ಬಾರಿ. ನಗರದ ಹತ್ತು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಅವುಗಳನ್ನು ಆಶ್ರಯಿಸಿದ್ದರು. ಇಡೀ ದೇಶದಲ್ಲಿ 2019ರ ಮಾರ್ಚ್ ಒಂದೇ ತಿಂಗಳಲ್ಲಿ ಸುಮಾರು 11 ಲಕ್ಷವಿದ್ದ ಭೇಟಿಗಳು 2025ರ ಮಾರ್ಚಿನಲ್ಲಿ ಸುಮಾರು 22 ಲಕ್ಷ ಮುಟ್ಟಿದವು. ಸಾಲಿನಲ್ಲಿ ನಿಂತವರಲ್ಲಿ ಐವರಿಗೊಬ್ಬರ ಮುಖ್ಯ ಆದಾಯ ಸಂಬಳವೇ. 2024ರ ನವೆಂಬರ್‌ನಲ್ಲಿ ಮಿಸಿಸಾಗಾ, ಮರುತಿಂಗಳು ಟೊರಾಂಟೊ, ಆಹಾರ ಅಭದ್ರತೆಯನ್ನು ತುರ್ತುಸ್ಥಿತಿಯೆಂದೇ ಘೋಷಿಸಿದವು. ಕೆನಡಾ ಬರಗಾಲದ ದೇಶವಲ್ಲ; ಜಗತ್ತಿಗೆ ಗೋಧಿ ಮಾರುವ ದೇಶ.

ಕೆನಡಾದ ಮೊದಲ ಆಹಾರ ಬ್ಯಾಂಕ್ ಎಡ್ಮಂಟನ್ ನಗರದಲ್ಲಿ 1981ರಲ್ಲಿ ತೆರೆಯಿತು, ತಾತ್ಕಾಲಿಕ ಏರ್ಪಾಟೆಂದು. ಅದೇ ವರ್ಷ ಅಮರ್ತ್ಯ ಸೇನ್ ಅವರ ಬಡತನ ಮತ್ತು ಕ್ಷಾಮಗಳ ಕುರಿತ ಗ್ರಂಥ ಹೊರಬಂತು. ಹಸಿವೆಂದರೆ ಆಹಾರವಿಲ್ಲದಿರುವುದಲ್ಲ, ಇರುವ ಆಹಾರದ ಮೇಲೆ ವ್ಯಕ್ತಿಗೆ ಹಕ್ಕಿಲ್ಲದಿರುವುದು ಎಂಬುದು ಅದರ ತಿರುಳು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವ್ಯಾಲೆರಿ ಟರಾಸುಕ್ ಅವರ ನೇತೃತ್ವದ ಸಂಶೋಧಕರು ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ. ಆಹಾರ ಅಭದ್ರತೆಯಲ್ಲಿರುವ ಹೆಚ್ಚಿನ ಕುಟುಂಬಗಳು ಆಹಾರ ಬ್ಯಾಂಕಿನ ಮೆಟ್ಟಿಲನ್ನೇ ಹತ್ತುವುದಿಲ್ಲ; ಸಮಸ್ಯೆ ಅಡುಗೆಮನೆಯದಲ್ಲ, ಆದಾಯದ್ದು. ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯ 2006ರಿಂದ ಬಡತನ ತಗ್ಗಿಸುವ ಕಾರ್ಯಕ್ರಮ ಕೈಗೊಂಡು ಸಾಮಾಜಿಕ ನೆರವನ್ನು ಏರಿಸಿತು. ಆ ನೆರವು ಪಡೆಯುವ ಮನೆಗಳಲ್ಲಿ 2007ರಲ್ಲಿ ಸುಮಾರು ಶೇ 60ರಷ್ಟಿದ್ದ ಆಹಾರ ಅಭದ್ರತೆ 2012ರ ವೇಳೆಗೆ ಶೇ 34ಕ್ಕೆ ಇಳಿಯಿತು. ಒಬ್ಬ ಸ್ವಯಂಸೇವಕನೂ ಹೆಚ್ಚಾಗದೆ ಸಾಧ್ಯವಾದ ಕೆಲಸ ಅದು.

ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರಶಂಸೆಯನ್ನೇ ಸಂಬಳವಾಗಿ ಕೊಡುವ ಕಲೆಯಲ್ಲಿ ಕೆನಡಾದವರು ನಮಗಿಂತ ಮುಂದಿಲ್ಲ. ಆಶಾ ಕಾರ್ಯಕರ್ತೆಯರಿಗೆ ನಾವು ಕೊಡುವುದು ಸಂಬಳವಲ್ಲ, ಗೌರವಧನ. ಗೌರವ ಎಂಬ ಶಬ್ದ ಸೇರಿದ ಕೂಡಲೇ ಧನದ ಪ್ರಮಾಣ ಕುಗ್ಗಬಹುದೆಂಬುದು ನಮ್ಮ ಆಡಳಿತದ ಹಳೆಯ ನಂಬಿಕೆ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತದ್ದು ಅದರ ಫಲ. ಇಂಥ ಮಹಿಳೆಯರಿಗೆ ಕೊಡುವ ಪ್ರಶಸ್ತಿಪತ್ರಗಳಿಗೆ ನಾನೂ ಸಹಿ ಹಾಕಿದ್ದೇನೆ, ಒಂದೇ ಮಧ್ಯಾಹ್ನ ನೂರಾರು. ಅವರ ಬಾಕಿಯ ಕಡತ ಅದೇ ಮೇಜಿನ ಮೇಲೆ ಇತ್ತು.

ಆದರೂ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯ ಬಗ್ಗೆ ನನಗೆ ತಿಳಿಯದೆಯೇ ಇದ್ದ ಗೌರವ ಅಲ್ಲಿಗೆ ಹೋದ ಮೇಲೆ ಹುಟ್ಟಿತು. ಒಂಟಾರಿಯೊದ ಪ್ರೌಢಶಾಲಾ ವಿದ್ಯಾರ್ಥಿಗಳು ಪದವಿಪತ್ರ ಪಡೆಯಲು 40 ಗಂಟೆ ಸಮುದಾಯ ಸೇವೆ ಮಾಡಬೇಕು. ಮೊಮ್ಮಗಳು ಹತ್ತಿರದ ಆಹಾರ ಬ್ಯಾಂಕೊಂದನ್ನು ಆರಿಸಿಕೊಂಡಿದ್ದಳು. ಒಂದು ಶನಿವಾರ ನಾನೂ ಜೊತೆಗೆ ಹೋಗಿ ಅಕ್ಕಿಯನ್ನು ಸಣ್ಣ ಚೀಲಗಳಿಗೆ ತುಂಬುವ ಕೆಲಸಕ್ಕೆ ಕುಳಿತೆ. ನಾನು ಒಂದು ಜಿಲ್ಲೆಯಲ್ಲಿ ಕೆಲ ಕಾಲ ಪಡಿತರ ವಿತರಣೆಯ ಹೊಣೆ ಹೊತ್ತಿದ್ದವನು. ನ್ಯಾಯಬೆಲೆ ಅಂಗಡಿಯ ಸಾಲೆಂದರೆ ಜಗಳದ ಸಾಲು. ತೂಕ ಕಡಿಮೆಯೆಂದು, ಅಕ್ಕಿಯಲ್ಲಿ ಕಲ್ಲೆಂದು, ಬಾಗಿಲು ತಡವಾಗಿ ತೆರೆದೆಯೆಂದು ಹೆಂಗಸರು ಅಂಗಡಿಯವನ ವಂಶವನ್ನೆಲ್ಲ ಜಾಲಾಡುತ್ತಿದ್ದರು, ನನ್ನ ಜೀಪು ಬಂದರೆ ನನ್ನನ್ನೂ ಬಿಡುತ್ತಿರಲಿಲ್ಲ. ಆಗ ಅದು ತಲೆನೋವೆನಿಸುತ್ತಿತ್ತು. ಈ ಆಹಾರ ಬ್ಯಾಂಕಿನಲ್ಲಿ ಯಾರೂ ಜಗಳವಾಡಲಿಲ್ಲ. ಕೊಟ್ಟ ಡಬ್ಬಿಯ ದಿನಾಂಕವನ್ನು ಯಾರೂ ನೋಡಲಿಲ್ಲ. ಎಲ್ಲರೂ ಥ್ಯಾಂಕ್ ಯು ಎಂದರು. ಕೆಲವರು ಎರಡೆರಡು ಬಾರಿ ಎಂದರು. ಚೀಟಿ ಹಿಡಿದು ಬಂದವನು ಕೇಳಬಲ್ಲ. ಬೇಡಿ ಬಂದವನು ವಂದಿಸಬೇಕು. 2013ರ ಆಹಾರ ಭದ್ರತಾ ಕಾಯ್ದೆಯ, ಅದೇ ವರ್ಷದ ನಮ್ಮ ಅನ್ನಭಾಗ್ಯದ ದೋಷಗಳನ್ನು ಪಟ್ಟಿ ಮಾಡಲು ನನಗೆ ಯಾರ ಸಹಾಯವೂ ಬೇಡ. ಆದರೆ ಆ ಹೆಂಗಸರ ಬೈಗುಳದ ಬೆಲೆ ನನಗೆ ತಿಳಿದದ್ದು ಮಿಸಿಸಾಗಾದಲ್ಲಿ.

ಅಂದು ಸಾಲಿನಲ್ಲಿ ಭಾರತದಿಂದ ಹೋದ ವಿದ್ಯಾರ್ಥಿಗಳೂ ಹಲವರಿದ್ದರು. ವಿದೇಶಿ ವಿದ್ಯಾರ್ಥಿಗಳು ಬದುಕಿನ ಖರ್ಚಿಗೆಂದು ತೋರಿಸಬೇಕಾದ ಹಣ ಎರಡು ದಶಕಗಳ ಕಾಲ 10,000 ಡಾಲರಿನಲ್ಲೇ ಇದ್ದು, 2024ರ ಜನವರಿಯಲ್ಲಷ್ಟೇ 20,635ಕ್ಕೆ ಏರಿತು. ಹಳೆಯ ಲೆಕ್ಕವನ್ನು ನಂಬಿ ಹೋದವರಿಗೆ ಬಾಡಿಗೆಯೇ ಅದನ್ನು ನುಂಗಿತ್ತು. ನಾನು ಮೊಮ್ಮಗಳೊಡನೆ ಕನ್ನಡದಲ್ಲಿ ಏನೋ ಹೇಳುತ್ತಿದ್ದಾಗ ಸಾಲಿನಲ್ಲಿದ್ದ ಹುಡುಗನೊಬ್ಬ ಥಟ್ಟನೆ ತಲೆಯೆತ್ತಿದ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷವಿರಬಹುದು. ನನಗೆ ಹಿಗ್ಗು, ಯೋಚಿಸದೆ ‘ಯಾವೂರಪ್ಪ ನಿಂದು?’ ಎಂದೆ. ಆತ ಇಂಗ್ಲಿಷಿನಲ್ಲಿ ನನಗೆ ಅರ್ಥವಾಗಲಿಲ್ಲ ಎಂದ, ಆದರೆ ಅವನ ಮುಖ ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಆತನ ಜಾಗ ಖಾಲಿಯಿತ್ತು. ತನ್ನ ಪಾಲನ್ನು ಪಡೆಯದೆ ಹೋಗಿದ್ದ. ಊರು ಕೇಳುವುದು ನಮ್ಮಲ್ಲಿ ಪ್ರೀತಿಯ ಮಾತು. ಅಲ್ಲಿ ಅದು ಊರಿಗೆ ಸುದ್ದಿ ಮುಟ್ಟಿಸುವ ಬೆದರಿಕೆಯಂತೆ ಅವನಿಗೆ ಕೇಳಿಸಿರಬೇಕು.

ಮರು ಶನಿವಾರ ನಾನು ಹೋಗಲಿಲ್ಲ, ಮೊಮ್ಮಗಳನ್ನು ಬಾಗಿಲವರೆಗೆ ಬಿಟ್ಟು ಬಂದೆ. ಸಂಜೆ ಮನೆಗೆ ಬಂದವಳು, ಆ ಅಣ್ಣ ಬಂದಿದ್ದ ತಾತ, ಮೊದಲು ಕಿಟಕಿಯಿಂದ ಒಳಗೆ ನೋಡಿದ, ಆಮೇಲೆ ಬಂದು ಎರಡು ಚೀಲ ತೆಗೆದುಕೊಂಡು ಹೋದ ಎಂದಳು.