ಹಳೆಯ ಮೋಟಾರ್ ಸೈಕಲ್ಲಿನ ಕಾರ್ಬುರೇಟರು

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ಮೋಟಾರ್ ಸೈಕಲ್ಲುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಇನ್ನೆಷ್ಟೋ ಗಾಡಿಗಳು ಮನೆಯ ಮೂಲೆಗಳಲ್ಲಿ ಧೂಳು ಹಿಡಿದು ನಿಂತಿವೆ. ವರ್ಷಗಟ್ಟಲೆ ನಿಂತ ಇಂಥ ಗಾಡಿಯನ್ನು ಎಷ್ಟು ಒದ್ದರೂ ಇಂಜಿನು ಏಳುವುದಿಲ್ಲ; ಎದ್ದರೂ ಕೆಮ್ಮಿ ನಿಲ್ಲುತ್ತದೆ. ಪ್ಲಗ್ಗಿನಲ್ಲಿ ಕಿಡಿ ಸರಿಯಾಗಿ ಹಾರುತ್ತಿದ್ದರೆ, ದೋಷವು ಬಹುಮಟ್ಟಿಗೆ ಕಾರ್ಬುರೇಟರಿನಲ್ಲಿದೆಯೆಂದೇ ತಿಳಿಯಬಹುದು. ಆಗ ಅದನ್ನು ಬಿಚ್ಚಿ, ಸಿಕ್ಕ ತಂತಿಯಿಂದ ರಂಧ್ರಗಳನ್ನು ಚುಚ್ಚಿ, ಒರಸಿ ಜೋಡಿಸುವುದು ವಾಡಿಕೆ. ಇಂಜಿನೇನೋ ಏಳುತ್ತದೆ, ಆದರೆ ಅದರ ಆಯುಸ್ಸು ಕುಗ್ಗಿರುವ ಸಂಭವವೂ ಉಂಟು. ಇದೇಕೆಂದು ತಿಳಿಯಲು ಕಾರ್ಬುರೇಟರಿನ ಕೆಲಸವೇನೆಂಬುದನ್ನು ಮೊದಲು ನೋಡೋಣ.

1 ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ, ಎಂದರೆ ಹೆಚ್ಚು ಕಡಿಮೆ 12 ಲೀಟರು ಗಾಳಿ ಬೇಕು. ಈ ಪ್ರಮಾಣದಲ್ಲಿ ಅವೆರಡನ್ನೂ ಅಳೆದು ಬೆರೆಸುವುದೇ ಕಾರ್ಬುರೇಟರಿನ ಕೆಲಸ. ಅದರಲ್ಲಿ ಪಂಪಿಲ್ಲ, ವಿದ್ಯುತ್ತಿಲ್ಲ. ಹರಿಯುವ ದ್ರವದ ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆಂದು ಡೇನಿಯಲ್ ಬರ್ನೌಲಿ 1738ರಲ್ಲಿ ತೋರಿಸಿದನು. ಕಿರಿದಾದ ಕೊರಳಿನ ಕೊಳವೆಯಲ್ಲಿ ಇದು ಹೇಗೆ ನಡೆಯುವುದೆಂಬುದನ್ನು ಇಟಲಿಯ ವೆಂಚುರಿಯು 1797ರಲ್ಲಿ ವಿವರಿಸಿದನು. ಇಂಜಿನು ಒಳಗೆಳೆದ ಗಾಳಿಯು ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಪಕ್ಕದ ಪೆಟ್ರೋಲ್ ಬಟ್ಟಲಿನ ಮೇಲಾದರೋ ಹೊರಗಿನ ವಾಯುವಿನ ಒತ್ತಡವಿರುತ್ತದೆ. ಪೆಟ್ರೋಲನ್ನು ಇಂಜಿನು ಹೀರುತ್ತದೆಂದು ನಾವು ಹೇಳುವುದುಂಟು. ನಿಜವಾಗಿ ಅದನ್ನು ಮೇಲಕ್ಕೆ ತಳ್ಳುವುದು ವಾಯುಮಂಡಲವೇ. ಬಟ್ಟಲಿಗೆ ಗಾಳಿಯಾಡುವ ಚಿಕ್ಕ ತೂತು ಮುಚ್ಚಿಹೋದರೆ ಪೆಟ್ರೋಲು ನಿಂತುಹೋಗುವುದು ಈ ಕಾರಣದಿಂದಲೇ.

ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದು ಫ್ಲೋಟು. ಮನೆಯ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ನಲ್ಲಿಯನ್ನು ಮುಚ್ಚುವಂತೆ, ಇದು ಮೇಲೇರಿ ಒಂದು ಸೂಜಿಯಿಂದ ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ. ಬಟ್ಟಲಿನಿಂದ ಕೊರಳಿಗೆ ಹೋಗುವ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ತಿರುಪಿನ ನಡುವಿನ ರಂಧ್ರವನ್ನು ಹಾಯಬೇಕು. ಇಡೀ ಅಳತೆಯೆಲ್ಲ ನಿಂತಿರುವುದು ಈ ರಂಧ್ರದ ಮೇಲೆ.

ಒಂದು ಚಿಕ್ಕ ಲೆಕ್ಕ ಮಾಡೋಣ. ರಂಧ್ರದ ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 1 ಮಿಲಿಮೀಟರ್ ವ್ಯಾಸದ ರಂಧ್ರವು ಅಂಟು ಕಟ್ಟಿ 0.9 ಆದರೆ, ವಿಸ್ತೀರ್ಣ ಶೇಕಡ 19ರಷ್ಟು ಕುಗ್ಗುತ್ತದೆ. ಉಕ್ಕಿನ ತಂತಿಯಿಂದ ಕೆರೆದು ಅದನ್ನು 1.1 ಮಾಡಿದರೆ ಶೇಕಡ 21ರಷ್ಟು ಹಿಗ್ಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಕಣ್ಣು ಗುರುತಿಸಲಾರದು, ಇಂಜಿನು ಗುರುತಿಸುತ್ತದೆ. ರಂಧ್ರ ಹಿಗ್ಗಿದರೆ ಮಿಶ್ರಣ ದಟ್ಟವಾಗಿ, ಹೊಗೆ ಹೆಚ್ಚಿ, ಪೆಟ್ರೋಲು ವ್ಯರ್ಥವಾಗುತ್ತದೆ. ರಂಧ್ರ ಕುಗ್ಗಿದರೆ ಆಗುವ ಕೇಡು ಇನ್ನೂ ದೊಡ್ಡದು. ಹಳೆಯ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಇಂಜಿನಿನ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಎಣ್ಣೆಯೂ ಈ ಜೆಟ್ಟಿನ ಮೂಲಕವೇ ಬರಬೇಕು. ಜೆಟ್ಟು ಕಟ್ಟಿದರೆ ಮಿಶ್ರಣ ತೆಳುವಾಗಿ ಉಷ್ಣ ಏರುತ್ತದೆ. ಅದೇ ಹೊತ್ತಿಗೆ ಎಣ್ಣೆಯೂ ಕಡಮೆಯಾಗುತ್ತದೆ. ಕಾದು ಹಿಗ್ಗಿದ ಪಿಸ್ಟನ್ನು ಓಡುತ್ತಿರುವಾಗಲೇ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕರು 'ಸೀಜ್ ಆಯಿತು' ಎನ್ನುವುದು ಇದನ್ನೇ. ಹಿಂದಿನ ಚಕ್ರ ಒಮ್ಮೆಲೇ ನಿಂತು ಸವಾರನು ಬೀಳುವ ಅಪಾಯವೂ ಇದರಲ್ಲಿದೆ.

ಜೆಟ್ಟು ಕಟ್ಟುವುದೇಕೆ? ನಿಂತ ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದುದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಂದುಬಣ್ಣದ ಅಂಟಾಗುತ್ತದೆ. ಪೆಟ್ರೋಲಿಗೆ ಬೆರೆತ ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರುಗಳ ಒಡಲು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕವಾದುದರಿಂದ, ಆ ತೇವಕ್ಕೆ ಅದು ಸವೆದು ಬಿಳಿಯ ಪುಡಿ ಕಟ್ಟುತ್ತದೆ.

ಇನ್ನು ಶುಚಿಗೊಳಿಸುವ ಕ್ರಮ. ಬೆಂಕಿಯ ಸುಳಿವಿಲ್ಲದ, ಗಾಳಿಯಾಡುವ ಕಡೆಯಲ್ಲಿ ಕುಳಿತು, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ ಕಾರ್ಬುರೇಟರನ್ನು ಕಳಚಬೇಕು. ಬಿಚ್ಚುವ ಮೊದಲು ಎರಡು ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಅಗತ್ಯ: ಗಾಳಿಯ ತಿರುಪು ಪೂರ್ತಿ ಮುಚ್ಚಲು ಎಷ್ಟು ಸುತ್ತು ಹಿಡಿಯಿತು, ಮೊನಚಾದ ಉದ್ದ ಸೂಜಿಯ ಕ್ಲಿಪ್ಪು ಎಷ್ಟನೆಯ ಗೀರಿನಲ್ಲಿತ್ತು ಎಂಬುವು. ಭಾಗಗಳನ್ನು ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಡಬೇಕು. ಹಿತ್ತಾಳೆ ಮೆದುವಾದುದರಿಂದ ಜೆಟ್ಟಿನ ಗೀರಿಗೆ ಸರಿಯಾಗಿ ಕೂಡುವ ಸ್ಕ್ರೂಡ್ರೈವರನ್ನೇ ಬಳಸಬೇಕು.

ಲೋಹದ ಭಾಗಗಳನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿದರೆ ಅಂಟು ಕರಗುತ್ತದೆ. ರಬ್ಬರು, ಪ್ಲಾಸ್ಟಿಕ್ಕುಗಳನ್ನು ಅದರಲ್ಲಿ ಹಾಕಬಾರದು. ಬಳಿಕ ಕಣ್ಣಿಗೆ ಕನ್ನಡಕ ಧರಿಸಿ, ಪೆಟ್ರೋಲು ಹರಿಯುವ ದಿಕ್ಕಿಗೆ ವಿರುದ್ಧವಾಗಿ ಪಂಪಿನ ಗಾಳಿಯನ್ನು ಹಾಯಿಸಬೇಕು. ಜೆಟ್ಟನ್ನು ಬೆಳಕಿಗೆ ಹಿಡಿದಾಗ ರಂಧ್ರವು ಪೂರ್ಣ ವೃತ್ತವಾಗಿ ಕಂಡರೆ ಕೆಲಸವಾಯಿತು. ಇಲ್ಲವಾದರೆ ಮತ್ತೆ ನೆನೆಸುವುದು. ಹೆಚ್ಚೆಂದರೆ ತೆಳುವಾದ ನೈಲಾನ್ ಎಳೆಯೊಂದನ್ನು ತೂರಿಸುವುದು. ತಂತಿ ಮಾತ್ರ ಕೂಡದು.

ಹಿತ್ತಾಳೆಯ ಫ್ಲೋಟು ಸೋರುತ್ತಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಕಿವಿಯ ಬಳಿ ಅಲುಗಿಸಿದಾಗ ಒಳಗೆ ಪೆಟ್ರೋಲಿನ ಸದ್ದು ಕೇಳಬಾರದು. ಬಿಸಿನೀರಿನಲ್ಲಿ ಅದ್ದಿದಾಗ ಒಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರಬಾರದು. ಬಂದರೆ ಹೊಸದನ್ನು ಹಾಕುವುದೇ ಲೇಸು. ಪೆಟ್ರೋಲಿನ ಆವಿ ತುಂಬಿದ ಫ್ಲೋಟಿಗೆ ಕಾದ ಬೆಸುಗೆಯ ಕಡ್ಡಿ ತಾಕಿಸಿದರೆ ಅದು ಸಿಡಿಯಬಹುದು. ಫ್ಲೋಟಿನ ಸೂಜಿಯ ಮೊನೆಯಲ್ಲಿ ಉಂಗುರದಂಥ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಬೇಕು. ಇಂಜಿನಿಗೆ ತಾಗುವ ಮುಖವು ಬಾಗಿದೆಯೋ ಎಂದು ಗಾಜಿನ ಹಲಗೆಯ ಮೇಲಿಟ್ಟು ನೋಡಬೇಕು. ಅಲ್ಲಿ ಸಂದಿಯಿದ್ದರೆ ಅಳತೆಗೆ ಸಿಕ್ಕದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಗ್ಯಾಸ್ಕೆಟ್ಟುಗಳೆಲ್ಲ ಹೊಸವಿರಲಿ.

ಜೋಡಿಸಿದ ಮೇಲೆ ಗಾಳಿಯ ತಿರುಪನ್ನು ಮೊದಲಿನ ಸುತ್ತಿಗೆ ತಂದು, ಇಂಜಿನು ಬಿಸಿಯಾದ ಬಳಿಕ ಅದು ಸಮನಾಗಿ ನಡೆಯುವಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಕೆಲವು ಮೈಲಿ ಓಡಿಸಿ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಫಲಿತಾಂಶ ತಿಳಿಯುತ್ತದೆ: ಕಂದುಬಣ್ಣವಾದರೆ ಮಿಶ್ರಣ ಸರಿ, ಮಸಿಗಪ್ಪಾದರೆ ದಟ್ಟ, ಸುಣ್ಣದಂತೆ ಬೆಳ್ಳಗಿದ್ದರೆ ತೆಳು.

ಬೆಳ್ಳಗಿನ ಪ್ಲಗ್ಗಿಗೆ ಈಗ ಇನ್ನೊಂದು ಕಾರಣವೂ ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಏರಿತು. 1 ಗ್ರಾಂ ಎಥನಾಲಿಗೆ ಸುಮಾರು 9 ಗ್ರಾಂ ಗಾಳಿ ಸಾಕು. ಆದುದರಿಂದ ಈ ಮಿಶ್ರ ಇಂಧನಕ್ಕೆ ಬೇಕಾದ ಗಾಳಿ 14.7ರಿಂದ ಸುಮಾರು 13.5 ಗ್ರಾಮಿಗೆ ಇಳಿಯುತ್ತದೆ. ಹಳೆಯ ಜೆಟ್ಟಿಗೆ ಇದು ತಿಳಿಯದು. ಅದು ಹಿಂದಿನಷ್ಟೇ ಇಂಧನವನ್ನು ಕೊಡುತ್ತದೆ. ಮಿಶ್ರಣವು ಶೇಕಡ 8ರಷ್ಟು ತೆಳುವಾಗುತ್ತದೆ. ಅಂಥಲ್ಲಿ ಸೂಜಿಯನ್ನು ಒಂದು ಗೀರು ಮೇಲೇರಿಸುವುದು, ಸಾಲದಿದ್ದರೆ ಒಂದಳತೆ ದೊಡ್ಡ ಜೆಟ್ಟನ್ನು ಹಾಕುವುದು ತಕ್ಕ ಉಪಾಯ. ಇದಕ್ಕಾಗಿ ಹಳೆಯ ಜೆಟ್ಟನ್ನು ಕೊರೆಯಹೋಗಬಾರದು. ಅಳತೆಯ ಅಂಕೆ ಕೊರೆದ ಜೆಟ್ಟುಗಳು ಅಂಗಡಿಯಲ್ಲಿ ದೊರೆಯುತ್ತವೆ. ಅವುಗಳ ಬೆಲೆ ಪಿಸ್ಟನ್ನಿನ ಬೆಲೆಯ ಮುಂದೆ ಅತ್ಯಲ್ಪ.