ಖಾಲಿ ಕಂಡಲ್ಲೆಲ್ಲ ಬಿಡುವು

ಮೀಟಿಂಗ್ ಹೊಂದಿಸುವ ಡಿಜಿಟಲ್ ಅಸಿಸ್ಟೆಂಟ್ ಬಗ್ಗೆ ಇರುವ ನಂಬಿಕೆಗಳಲ್ಲಿ ಅತ್ಯಂತ ಹಟಮಾರಿಯಾದದ್ದು ಒಂದೇ: ಅದು ತಾನಾಗಿಯೇ ಮಾಲೀಕರ ದಿನಚರಿಯನ್ನು ಅರಿತುಕೊಳ್ಳುತ್ತದೆ. ಊಟದ ಹೊತ್ತು, ಮಗುವನ್ನು ಶಾಲೆಯಿಂದ ಕರೆತರುವ ಹೊತ್ತು, ಔಟರ್ ರಿಂಗ್ ರೋಡಿನಲ್ಲಿ ಸಿಕ್ಕಿಕೊಳ್ಳುವ ಹೊತ್ತು ಎಲ್ಲವೂ ಅದಕ್ಕೆ ಗೊತ್ತಾಗುತ್ತದಂತೆ. ಗೊತ್ತಾಗುವುದಿಲ್ಲ. ಅದು ನೋಡುವುದು ಕ್ಯಾಲೆಂಡರಿನಲ್ಲಿ ಬರೆದದ್ದನ್ನು, ಮತ್ತು ಬರೆದದ್ದರ ಮೇಲಿರುವ ‘ಬ್ಯುಸಿ’ ಅಥವಾ ‘ಫ್ರೀ’ ಎಂಬ ಗುರುತನ್ನು. ಏನೂ ಬರೆಯದ ಜಾಗವೆಲ್ಲ ಅದರ ಲೆಕ್ಕದಲ್ಲಿ ಬಿಡುವು.

ಈ ಗುರುತು ಕೃತಕ ಬುದ್ಧಿಮತ್ತೆಗಿಂತ ಹಳೆಯದು. ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರ್‌ಗಳು ಒಂದರ ಮಾಹಿತಿಯನ್ನು ಇನ್ನೊಂದು ಓದಲೆಂದು 1998ರಲ್ಲಿ ಐಕ್ಯಾಲೆಂಡರ್ ಮಾನದಂಡ ಬಂದಾಗಲೇ, ಒಂದು ನಮೂದು ಸಮಯವನ್ನು ತಡೆಹಿಡಿಯುತ್ತದೆಯೋ ಇಲ್ಲವೋ ಎಂದು ತಿಳಿಸುವ ಅಂಶ ಅದರಲ್ಲಿತ್ತು. 2009ರ ಪರಿಷ್ಕರಣೆಯಲ್ಲೂ ಅದು ಉಳಿಯಿತು. ಗೊಂದಲ ಹುಟ್ಟುವುದು ಇಡೀ ದಿನದ ನಮೂದುಗಳಲ್ಲಿ. ಗೂಗಲ್ ಕ್ಯಾಲೆಂಡರ್ ಮತ್ತು ಔಟ್‌ಲುಕ್ ಎರಡರಲ್ಲೂ ಅಂಥ ನಮೂದು, ಬದಲಿಸದ ಹೊರತು, ‘ಫ್ರೀ’ ಆಗಿಯೇ ಇರುತ್ತದೆ. ಹುಟ್ಟುಹಬ್ಬಗಳನ್ನು ಗುರುತು ಹಾಕಿಕೊಳ್ಳಲು ಇದು ಸರಿಯಾದ ಏರ್ಪಾಡು. ಆದರೆ ‘ತಂಗಿಯ ಮದುವೆ, ಶಿರಸಿ’ ಎಂದು ಇಡೀ ದಿನಕ್ಕೆ ಬರೆದಿಟ್ಟು ಹೋದವರಿಗೆ ಮುಹೂರ್ತದ ಹೊತ್ತಿಗೇ ಬಜೆಟ್ ಮೀಟಿಂಗ್ ಬಿದ್ದರೆ ಅಸಿಸ್ಟೆಂಟನ್ನು ದೂರುವಂತಿಲ್ಲ. ಆ ದಿನ ಬಿಡುವಿದೆ ಎಂದು ಅದಕ್ಕೆ ಹೇಳಿದವರು ಅವರೇ.

ಹಳೆಯ ಮೀಟಿಂಗ್‌ಗಳ ಜಾಡು ಹಿಡಿದು ಸಮಯ ಸೂಚಿಸುವ ಅಸಿಸ್ಟೆಂಟ್‌ಗಳೂ ಇವೆ ಎಂಬುದು ನಿಜ. ಆದರೆ ಜಾಡಿನಿಂದ ತಿಳಿಯುವುದು ನಡೆದದ್ದು ಮಾತ್ರ. ಸಂಕೋಚಕ್ಕೆ ಬಿದ್ದು ಬೆಳಿಗ್ಗೆ 8ರ ಕಾಲ್‌ಗಳಿಗೆಲ್ಲ ಒಪ್ಪುತ್ತಾ ಬಂದವರು 8 ಗಂಟೆ ತಮಗೆ ಅನುಕೂಲವೆಂದೇ ಕಲಿಸುತ್ತಿದ್ದಾರೆ. ಗೊಣಗಾಟ ಕ್ಯಾಲೆಂಡರಿನಲ್ಲಿ ದಾಖಲಾಗುವುದಿಲ್ಲ. ಚಾಟ್‌ನಲ್ಲಿ ಒಮ್ಮೆ ‘10ಕ್ಕೆ ಮೊದಲು ಮೀಟಿಂಗ್ ಬೇಡ’ ಎಂದು ಹೇಳಿ ನಿಶ್ಚಿಂತರಾಗುವವರದು ಇದೇ ನಂಬಿಕೆಯ ಇನ್ನೊಂದು ರೂಪ. ಕಾಯಂ ಸೂಚನೆಗಳ ಜಾಗದಲ್ಲಿ ಅಥವಾ ನೆನಪಿನ ಸೌಲಭ್ಯದಲ್ಲಿ ಸೇರದ ಮಾತು ಸಾಮಾನ್ಯವಾಗಿ ಆ ಸಂಭಾಷಣೆಯೊಂದಿಗೇ ಮುಗಿಯುತ್ತದೆ. ಸೇರಿದ್ದರೂ ಅದು ಕೋರಿಕೆ ಮಾತ್ರ. ಮೀರಲೇಬಾರದ ಹೊತ್ತನ್ನು ಕ್ಯಾಲೆಂಡರಿನಲ್ಲೇ ‘ಬ್ಯುಸಿ’ ಎಂದು ಕಾದಿರಿಸಬೇಕು. ಶುಕ್ರವಾರ 10.30ರಿಂದ 12ರವರೆಗಿನ ರಾಹುಕಾಲ ಬೇಡವೆನ್ನುವವರಿಗೂ ದಾರಿ ಇದೇ, ಪ್ರತಿ ವಾರ ಮರುಕಳಿಸುವ ಒಂದು ನಮೂದು. ನಂಬಿಕೆ ಯಾವುದು ಎಂದು ಯಂತ್ರ ಕೇಳುವುದಿಲ್ಲ.

ಯಂತ್ರಕ್ಕೆ ಇಲ್ಲದ ಬುದ್ಧಿಯನ್ನು ಆರೋಪಿಸುವ ಈ ಚಾಳಿಗೆ ಒಂದು ಇತಿಹಾಸವೂ ಇದೆ. ನ್ಯೂಯಾರ್ಕಿನ ಎಕ್ಸ್.ಎಐ ಎಂಬ ಕಂಪನಿ (ಇಲಾನ್ ಮಸ್ಕ್ ಅವರದು ಇದಲ್ಲ) ‘ಆಮಿ’ ಎಂಬ ಅಸಿಸ್ಟೆಂಟನ್ನು ತಂದಿತ್ತು. ಇಮೇಲಿನಲ್ಲಿ ಆಮಿಗೆ ಪ್ರತಿ ಕಳಿಸಿದರೆ ಮೀಟಿಂಗ್ ಗೊತ್ತಾಗುತ್ತಿತ್ತು. ಆ ಇಮೇಲ್‌ಗಳ ಒಳಗಿನ ದಿನಾಂಕ, ಸಮಯಗಳನ್ನು ಕೂತು ಪರಿಶೀಲಿಸುತ್ತಿದ್ದ ನೌಕರರೂ ಇದ್ದಾರೆಂದು 2016ರಲ್ಲಿ ಪತ್ರಿಕೆಗಳು ವರದಿ ಮಾಡಿದವು. 2021ರಲ್ಲಿ ಆ ಸೇವೆ ನಿಂತುಹೋಯಿತು. ಅಸಿಸ್ಟೆಂಟಿನ ಜಾಣ್ಮೆ ಎಂದು ಜನ ಬೆರಗಾದದ್ದರಲ್ಲಿ ಒಂದಷ್ಟು ಪಾಲು ಸಂಬಳದಾರರ ದುಡಿಮೆ. ಮೂರೂವರೆ ರೂಪಾಯಿಯ ಲೆಕ್ಕ ತಪ್ಪಿದರೆ ಬ್ಯಾಂಕಿನವರೊಡನೆ ಜಗಳಕ್ಕೆ ನಿಲ್ಲುವ ಜನ, ಪರದೆಯ ಮೇಲೆ ‘ಸ್ಮಾರ್ಟ್’ ಎಂದಿದ್ದರೆ ಸೆಟ್ಟಿಂಗ್ಸ್ ಪುಟವನ್ನೇ ತೆರೆಯುವುದಿಲ್ಲ.

ಕೆಲಸದ ಅವಧಿ ನಮೂದಿಸಿದರೆ ಬೇರೆ ಹೊತ್ತಿನ ಆಹ್ವಾನಗಳು ಬರುವುದಿಲ್ಲ ಎಂಬುದೂ ತಪ್ಪು. ಗೂಗಲ್ ಕ್ಯಾಲೆಂಡರ್ ಕರೆಯುವವರಿಗೆ ಎಚ್ಚರಿಕೆ ತೋರಿಸುತ್ತದೆ, ತಡೆಯುವುದಿಲ್ಲ. ತಾನಾಗಿ ನಿರಾಕರಿಸುವ ಆಯ್ಕೆ ‘ಫೋಕಸ್ ಟೈಮ್’ನಂಥ ಪ್ರತ್ಯೇಕ ನಮೂದಿನಲ್ಲಿದೆ. ಮೀಟಿಂಗ್‌ಗಳ ನಡುವೆ ಉಸಿರಾಡಲು ಜಾಗವನ್ನು ಅಸಿಸ್ಟೆಂಟ್ ತಾನೇ ಬಿಡುತ್ತದೆ ಎನ್ನುವವರು ‘ಸ್ಪೀಡಿ ಮೀಟಿಂಗ್ಸ್’ ಆಯ್ಕೆಯನ್ನು ನೋಡಿಲ್ಲ. ಅದನ್ನು ಚಾಲೂ ಮಾಡಿದರೆ ಹೊಸದಾಗಿ ಇಡುವ 30 ನಿಮಿಷದ ಮೀಟಿಂಗ್ 25ಕ್ಕೆ, 60ರದು 50ಕ್ಕೆ ಇಳಿಯುತ್ತದೆ.

‘ಐಎಸ್‌ಟಿ’ ಎಂದು ಬರೆದರೆ ಸಾಕು ಎಂಬ ನಂಬಿಕೆ ಬೆಂಗಳೂರಿನ ಐಟಿಯವರಲ್ಲಿ ಹೆಚ್ಚು. ಐರ್ಲೆಂಡ್, ಇಸ್ರೇಲ್‌ಗಳ ಸಮಯಕ್ಕೂ ಅದೇ ಮೂರಕ್ಷರ ಬಳಕೆಯಲ್ಲಿದೆ; ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತ್ತ ಎಂಬ ನಗರದ ಹೆಸರನ್ನೇ ಆರಿಸಬೇಕು. ಬೆಂಗಳೂರಿಗೂ ನ್ಯೂಯಾರ್ಕಿಗೂ ಅಂತರ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ. ನ್ಯೂಯಾರ್ಕಿನ ಗಡಿಯಾರಕ್ಕೆ ಕಟ್ಟಿದ ವಾರದ ಮೀಟಿಂಗ್ ನವೆಂಬರ್‌ನ ಮೊದಲ ಭಾನುವಾರದ ನಂತರ ಇಲ್ಲಿ ಒಂದು ಗಂಟೆ ತಡವಾಗುತ್ತದೆ. ಅದು ದೋಷವಲ್ಲ. ಸರಣಿಯನ್ನು ಭಾರತದ ಸಮಯವಲಯದಲ್ಲಿ ಸೃಷ್ಟಿಸಿದರೆ ಆ ಏರುಪೇರು ಅಮೆರಿಕದವರ ಪಾಲಾಗುತ್ತದೆ.

ಅಸಿಸ್ಟೆಂಟ್ ಸಹೋದ್ಯೋಗಿಗಳ ಕ್ಯಾಲೆಂಡರನ್ನೆಲ್ಲ ಓದುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ; ಅವರು ಹಂಚಿಕೊಂಡಷ್ಟೇ ಅದಕ್ಕೆ ಕಾಣುತ್ತದೆ, ಎಷ್ಟೋ ಕಡೆ ಬ್ಯುಸಿ ಅಥವಾ ಫ್ರೀ ಎಂಬುದು ಮಾತ್ರ. ಹಾಗೆಯೇ ಸ್ವಂತ ಫೋನಿನ ಖಾಸಗಿ ಕ್ಯಾಲೆಂಡರಿನಲ್ಲಿ ಬರೆದ ದಂತವೈದ್ಯರ ಭೇಟಿ, ಆ ಖಾತೆಯನ್ನು ಜೋಡಿಸದ ಹೊರತು, ಕಚೇರಿಯ ಅಸಿಸ್ಟೆಂಟ್‌ಗೆ ಕಾಣುವುದಿಲ್ಲ.