ಸುಳಿ ಒಡೆದಾಗ ಬೆಂಕಿ ನೀಲಿಯಾಗುತ್ತದೆ

ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡವನ್ನು ಹೊರಗಿನವರು ಗುರುತಿಸುವುದು ಇಸಿಐಎಲ್ ಚೌರಸ್ತೆಯಿಂದ. ಮತಯಂತ್ರ ತಯಾರಿಸುವ ಆ ಸರಕಾರಿ ಕಾರ್ಖಾನೆಯ ಸುತ್ತಮುತ್ತ ಸಣ್ಣಪುಟ್ಟ ಶೆಡ್ಡುಗಳ ಕೈಗಾರಿಕಾ ವಸಾಹತುಗಳಿವೆ. ಇನ್ನಷ್ಟು ಮುಂದೆ ಹೋದರೆ ಚೆರ್ಲಪಲ್ಲಿಯ ಪೆಟ್ರೋಲಿಯಂ ಟರ್ಮಿನಲ್‌ಗಳು. ಬೀದರ್, ಕಲಬುರಗಿ, ಯಾದಗಿರಿಗಳಿಂದ ದುಡಿಮೆಗೆಂದು ಹೈದರಾಬಾದಿಗೆ ಬಂದವರಿಗೆ ಇಂಥ ವಸಾಹತುಗಳು ಹೊಸವೇನಲ್ಲ. ಇಲ್ಲಿನ ಶೆಡ್ಡುಗಳಲ್ಲಿ ಉಗಿ ಬೇಕಾದ ಕಡೆಯೆಲ್ಲ ಒಂದು ಬಾಯ್ಲರ್, ಬಾಯ್ಲರಿನ ಮೂತಿಗೆ ಒಂದು ಬರ್ನರ್. ಎಣ್ಣೆ ಸುಡುವ ಬರ್ನರ್ ಬಿಚ್ಚಿದರೆ ನಾಝಲ್‌ನ ಹತ್ತಿರ ಅಂಗೈಯಗಲದ ಒಂದು ಲೋಹದ ಬಿಲ್ಲೆ ಸಿಗುತ್ತದೆ. ಅದರ ತುಂಬ ಓರೆಯಾಗಿ ಕೊರೆದ ಸೀಳುಗಳು. ಮೆಕ್ಯಾನಿಕ್ಕುಗಳು ಅದಕ್ಕೆ ಡಿಫ್ಯೂಸರ್ ಎನ್ನುತ್ತಾರೆ. ಜ್ವಾಲೆ ಕೆಂಪಾಗಿ ಚಿಮಣಿಯಲ್ಲಿ ಕರಿಹೊಗೆ ಎದ್ದಿತೆಂದರೆ ಅವರು ಮೊದಲು ನೋಡುವ ಜಾಗಗಳಲ್ಲಿ ಇದೂ ಒಂದು. ಸೀಳುಗಳಿಗೆ ಮಸಿ ಕಟ್ಟಿದ್ದರೆ ಗಾಳಿಯೇನೋ ಬರುತ್ತದೆ, ಸುತ್ತುವುದಿಲ್ಲ. ಸುತ್ತದ ಗಾಳಿಯಲ್ಲಿ ಎಣ್ಣೆ ಸರಿಯಾಗಿ ಉರಿಯುವುದಿಲ್ಲ.

ನಾಝಲ್ ಒಳಗೂ ಇದೇ ಆಟ. ಪಂಪಿನ ಒತ್ತಡಕ್ಕೆ ಎಣ್ಣೆ ಒಂದು ಪುಟ್ಟ ಕೋಣೆಗೆ ನೇರವಾಗಿ ನುಗ್ಗದೆ ಗೋಡೆಗೆ ಸವರಿಕೊಂಡು ನುಗ್ಗುತ್ತದೆ, ಗಿರಗಿರ ಸುತ್ತುತ್ತದೆ, ಸೂಜಿಗಣ್ಣಿನಂಥ ತೂತಿನಿಂದ ಹೊರಬೀಳುವಾಗ ಟೊಳ್ಳು ಶಂಕುವಿನಾಕಾರದ ಹಾಳೆಯಾಗಿ ಹರಡಿ ಹನಿಹನಿಯಾಗಿ ಒಡೆಯುತ್ತದೆ. ಅಂದರೆ ಎಣ್ಣೆಯದೊಂದು ಸುತ್ತು, ಗಾಳಿಯದೊಂದು ಸುತ್ತು. ಎರಡೂ ಕೂಡಿದ ಜಾಗದಲ್ಲಿ ಬೆಂಕಿ.

ಸುತ್ತುವ ಬೆಂಕಿಯನ್ನು ಮನುಷ್ಯ ಮೊದಲು ಕಂಡದ್ದು ಬರ್ನರಿನಲ್ಲಲ್ಲ, ಹೊಲದಲ್ಲಿ, ಕಾಡಿನಲ್ಲಿ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಟ್ಟಾಗ, ಮಧ್ಯಾಹ್ನದ ಬಿಸಿಲಿಗೆ ಗಾಳಿ ದಿಕ್ಕು ತಪ್ಪಿದರೆ, ಉರಿಯುವ ಸಾಲಿನ ಒಂದು ಮೂಲೆಯಿಂದ ಜ್ವಾಲೆ ಇದ್ದಕ್ಕಿದ್ದಂತೆ ಕಂಬವಾಗಿ ಎದ್ದು ನಾಲ್ಕು ಹೆಜ್ಜೆ ನಡೆದು ಕುಸಿಯುವುದುಂಟು. ಬೇಸಿಗೆಯ ಬಯಲಿನಲ್ಲಿ ಧೂಳೆಬ್ಬಿಸುವ ಸುಂಟರಗಾಳಿಯ ಹತ್ತಿರದ ನೆಂಟ ಇದು. ಧೂಳಿನ ಜಾಗದಲ್ಲಿ ಉರಿಯುವ ಅನಿಲ, ಅಷ್ಟೇ.

ಇದು ಏಳಲು ಮೂರು ಸಂಗತಿ ಕೂಡಿಬರಬೇಕು. ಬಿಸಿಗಾಳಿ ರಭಸದಿಂದ ಮೇಲೇರಬೇಕು. ಆ ಜಾಗ ತುಂಬಲು ಬದಿಯಿಂದ ಬರುವ ಗಾಳಿಯಲ್ಲಿ ಮೊದಲೇ ಎಲ್ಲೋ ಸಣ್ಣದೊಂದು ತಿರುವು ಇರಬೇಕು: ಗುಡ್ಡದ ಮರೆಯಿಂದಲೋ, ಕಟ್ಟಡದ ಮೂಲೆಯಿಂದಲೋ, ಬೆಂಕಿಯ ಸಾಲೇ ಬಾಗಿರುವುದರಿಂದಲೋ. ಕೆಳಗೆ ಗಾಳಿಯನ್ನು ತಡೆದು ನಿಧಾನಿಸುವ ನೆಲವೋ ನೀರೋ ಇರಬೇಕು. ಕೆರೆಯ ತೂಬು ಎತ್ತಿದಾಗ ದೂರದಲ್ಲಿ ಸುಮ್ಮನೆ ನಿಂತಂತಿದ್ದ ನೀರು ತೂಬಿನ ಬಾಯಿಗೆ ಬಂದಂತೆ ಸುಳಿಯಾಗುತ್ತದಲ್ಲ, ಇಲ್ಲೂ ಹಾಗೆಯೇ. ದೂರದ ಮಂದ ತಿರುವು ನಡುವಿಗೆ ಬರಬರುತ್ತ ಬಿರುಸಾಗುತ್ತದೆ. ಮೇಲೇರುವ ಬಿಸಿಗಾಳಿ ಆ ಸುಳಿಯನ್ನು ಹಿಡಿದೆಳೆದು ಉದ್ದ ಮಾಡುತ್ತದೆ. ಉದ್ದವಾದಷ್ಟೂ ಸಪೂರ, ಸಪೂರವಾದಷ್ಟೂ ವೇಗ.

ಮೂರನೆಯ ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ, ಆದರೆ ಬೆಂಕಿಗೆ ಊಟ ಬಡಿಸುವುದೇ ಅದು. ಸುತ್ತುವ ಗಾಳಿ ತನ್ನ ವೇಗದಿಂದಲೇ ಹೊರಕ್ಕೆ ಸಿಡಿಯಲು ನೋಡುತ್ತದೆ, ನಡುವಿನ ಕಡಿಮೆ ಒತ್ತಡ ಅದನ್ನು ಒಳಕ್ಕೆ ಸೆಳೆಯುತ್ತಿರುತ್ತದೆ. ಮೇಲೆ ಈ ಎರಡೂ ಸಮತೂಕ. ನೆಲಕ್ಕೆ ತಾಗಿದ ತೆಳು ಪದರದಲ್ಲಿ ಮಾತ್ರ ಗಾಳಿ ಉಜ್ಜಾಟಕ್ಕೆ ಸಿಕ್ಕಿ ನಿಧಾನವಾಗುವುದರಿಂದ ಸೆಳೆತದ ಕೈ ಮೇಲಾಗಿ, ನೆಲದುದ್ದಕ್ಕೂ ಗಾಳಿ ಬೆಂಕಿಯ ಬುಡಕ್ಕೆ ನುಗ್ಗುತ್ತದೆ. ಜ್ವಾಲೆ ಇಂಧನದ ಮೇಲೆ ಒತ್ತಾಗಿ ಕೂರುತ್ತದೆ, ಇಂಧನ ಬೇಗ ಕಾದು ಬೇಗ ಆವಿಯಾಗುತ್ತದೆ. ಅದೇ ಅಗಲದ ತಟ್ಟೆಯಲ್ಲಿ ಸುಮ್ಮನೆ ಉರಿಯುವ ಬೆಂಕಿಗಿಂತ ಸುತ್ತುವ ಬೆಂಕಿ ಕೆಲವು ಪಟ್ಟು ಬಿರುಸಾಗಿ ಇಂಧನ ತಿನ್ನುವುದು ಈ ಕಾರಣಕ್ಕೆ.

ಇಷ್ಟಾದರೂ ಕಂಬದ ಬದಿಗಳಿಂದ ಗಾಳಿ ಒಳಗೆ ಬೆರೆಯುವುದು ಕಡಿಮೆ. ಸುತ್ತುವಿಕೆ ಅಲ್ಲಿನ ಅಲ್ಲೋಲ ಕಲ್ಲೋಲವನ್ನು ತಣಿಸಿಬಿಡುತ್ತದೆ. ಉರಿಯದೆ ಉಳಿದ ಅನಿಲ ಗಾಳಿಯನ್ನು ಹುಡುಕಿಕೊಂಡು ಮೇಲೆ ಮೇಲೆ ಹೋಗಬೇಕಾಗುತ್ತದೆ. ಜ್ವಾಲೆ ಅಷ್ಟೆತ್ತರ ಬೆಳೆಯುವುದು ಹಸಿವಿನಿಂದ ಎನ್ನಬಹುದು. 1967ರಲ್ಲಿ ಹಾರ್ವರ್ಡಿನಲ್ಲಿ ಹೊವರ್ಡ್ ಎಮನ್ಸ್ ಮತ್ತು ಅವರ ಸಹೋದ್ಯೋಗಿ ಯಿಂಗ್ ಇದನ್ನು ಕೋಣೆಯೊಳಗೇ ಮಾಡಿ ತೋರಿಸಿದರು. ಅಸಿಟೋನ್ ತುಂಬಿದ ತಟ್ಟೆ, ಅದರ ಸುತ್ತ ತಿರುಗುವ ಒಂದು ಜಾಲರಿ ಪಂಜರ. ಪಂಜರ ತಿರುಗಿಸಿದಾಗ ಮೊದ್ದು ಜ್ವಾಲೆ ಸಪೂರವಾಗಿ ಸೆಟೆದು ನಿಂತಿತು.

ಪ್ರಯೋಗಾಲಯದ ಹೊರಗೆ ಈ ಕಂಬ ಏನು ಮಾಡಬಲ್ಲದು ಎಂಬುದಕ್ಕೆ ಅತಿ ಘೋರ ಸಾಕ್ಷಿ ಟೋಕಿಯೋದ್ದು. 1923ರ ಸೆಪ್ಟೆಂಬರ್ 1ರ ಭೂಕಂಪದ ನಂತರ ಊರಿಗೆ ಬೆಂಕಿ ಬಿದ್ದಾಗ ಸಾವಿರಾರು ಜನ ಹೊಂಜೊ ಪ್ರದೇಶದಲ್ಲಿ ಸೈನ್ಯದ ಹಳೆಯ ಬಟ್ಟೆ ಡಿಪೊದ ಖಾಲಿ ಬಯಲಿಗೆ ಗಂಟುಮೂಟೆ ಹೊತ್ತು ಓಡಿಬಂದಿದ್ದರು. ಬಯಲಾದ್ದರಿಂದ ಸುರಕ್ಷಿತ ಎಂಬ ಲೆಕ್ಕ. ಬೆಂಕಿಯ ಸುಂಟರಗಾಳಿ ಅಲ್ಲಿಗೇ ಬಂತು. ಸತ್ತವರು ಸುಮಾರು 38,000. 2018ರ ಜುಲೈ 26ರಂದು ಕ್ಯಾಲಿಫೋರ್ನಿಯದ ರೆಡಿಂಗ್ ಪಟ್ಟಣದ ಬಳಿ ಕಾಡ್ಗಿಚ್ಚಿನಿಂದ ಎದ್ದ ಸುಳಿಯಲ್ಲಿ ಗಾಳಿಯ ವೇಗ ಗಂಟೆಗೆ 230 ಕಿಲೋಮೀಟರಿನಷ್ಟಿತ್ತು. ಹೈಟೆನ್ಷನ್ ತಂತಿಯ ಗೋಪುರಗಳೇ ಮಗುಚಿದವು. ಕುಷಾಯಿಗೂಡಕ್ಕೂ ಬೆಂಕಿಯ ಕಹಿ ನೆನಪಿದೆ. 2023ರ ಏಪ್ರಿಲ್‌ನಲ್ಲಿ ಇಲ್ಲಿನ ಟಿಂಬರ್ ಡಿಪೊ ಒಂದಕ್ಕೆ ಹತ್ತಿದ ಬೆಂಕಿ ಪಕ್ಕದ ಕಟ್ಟಡಕ್ಕೆ ಹಬ್ಬಿ ಒಂದೇ ಕುಟುಂಬದ ಮೂವರು ತೀರಿಕೊಂಡರು. ಒತ್ತೊತ್ತಾಗಿ ಕಟ್ಟಿದ ಓಣಿಯಲ್ಲಿ ಪ್ರಾಣ ತೆಗೆಯಲು ಬೆಂಕಿಗೆ ಸುಂಟರಗಾಳಿಯ ವೇಷ ಬೇಕಿಲ್ಲ.

ಈಗ ಬೇರೊಂದು ದಾರಿ. 2003ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಿಮ್ ಬೀಮ್ ಕಂಪನಿಯ ಮದ್ಯದ ಗೋದಾಮಿಗೆ ಸಿಡಿಲು ಬಡಿಯಿತು. ಉರಿಯುವ ವಿಸ್ಕಿ ಹರಿದು ಪಕ್ಕದ ಕೊಳ ಸೇರಿ, ನೀರಿನ ಮೇಲೆ ಬೆಂಕಿಯ ಸುಳಿ ಎದ್ದಿತು. ಆ ದೃಶ್ಯದ ವಿಡಿಯೊ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಎಲೇನ್ ಓರನ್ ಮತ್ತು ಮೈಕೆಲ್ ಗೋಲ್ನರ್ ಕಣ್ಣಿಗೆ ಬಿತ್ತು. ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯನ್ನು ಹೀಗೆ ಸುಟ್ಟರೆ ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಹುವಾಹುವಾ ಷಾವೊ ಜೊತೆಗೂಡಿ ಅವರು ನೀರಿನ ತಟ್ಟೆಯ ಮೇಲೆ ಹೆಪ್ಟೇನ್ ಹರಡಿ, ಸುತ್ತ ಎರಡು ಅರ್ಧ ಕೊಳವೆಗಳನ್ನು ಕೊಂಚ ಸರಿಸಿ ನಿಲ್ಲಿಸಿದರು. ಸೀಳುಗಳಲ್ಲಿ ಗಾಳಿ ಓರೆಯಾಗಿ ನುಗ್ಗುವುದರಿಂದ ಬೆಂಕಿ ತಾನಾಗಿ ಸುತ್ತುತ್ತದೆ. ಹಳದಿ ಕಂಬ ಎದ್ದಿತು. ಅದು ನಿರೀಕ್ಷಿತ. ಸ್ವಲ್ಪ ಹೊತ್ತಿನಲ್ಲಿ ಆ ಕಂಬ ತಾನಾಗಿ ಕುಗ್ಗಿ, ಕೆಲವೇ ಸೆಂಟಿಮೀಟರ್ ಎತ್ತರದ, ಬುಗುರಿಯಾಕಾರದ, ಪೂರ್ತಿ ನೀಲಿಯಾದ ಜ್ವಾಲೆಯಾಗಿ ಸದ್ದಿಲ್ಲದೆ ತಿರುಗತೊಡಗಿತು! ಇಂಥದ್ದನ್ನು ಯಾರೂ ಹುಡುಕಿರಲಿಲ್ಲ. 2016ರಲ್ಲಿ ಇದರ ಪ್ರಬಂಧ ಪ್ರಕಟವಾಯಿತು. ‘ನೀಲಿ ಸುಳಿ’ ಎಂದೇ ಅದರ ಹೆಸರು.

ಬೆಂಕಿಯ ಹಳದಿ ಎಂದರೆ ಕಾದು ಬೆಳಗುವ ಮಸಿಯ ಕಣಗಳು. ನೀಲಿ ಎಂದರೆ ಮಸಿ ಹುಟ್ಟಲೇ ಇಲ್ಲವೆಂದು ಅರ್ಥ. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯೂ ನೀಲಿಯೇ ಅಲ್ಲವೇ ಎಂದು ಕೇಳಬಹುದು. ಒಲೆಯಲ್ಲಿ ಅನಿಲ ಬರ್ನರ್ ಸೇರುವ ಮೊದಲೇ ಗಾಳಿಯ ಜೊತೆ ಬೆರೆತಿರುತ್ತದೆ. ಆ ಏರ್ಪಾಡನ್ನು ನಾವು ಮಾಡಿಟ್ಟಿರುತ್ತೇವೆ. ಇಲ್ಲಿ ನೀರ ಮೇಲೆ ಬಿದ್ದ ದ್ರವ ಇಂಧನಕ್ಕೆ ಯಾರೂ ಯಾವ ಏರ್ಪಾಡನ್ನೂ ಮಾಡಿಕೊಟ್ಟಿರಲಿಲ್ಲ.

ಗುಟ್ಟು ಬಿಚ್ಚಲು ನಾಲ್ಕು ವರ್ಷ ಹಿಡಿಯಿತು. 2020ರಲ್ಲಿ ಓರನ್ ತಂಡ ಕಂಪ್ಯೂಟರಿನೊಳಗೆ ನೀಲಿ ಸುಳಿಯನ್ನು ಮರುಸೃಷ್ಟಿಸಿ ಅದರ ಒಳಗನ್ನು ತೋರಿಸಿತು. ಕಂಡದ್ದು ಮೂರು ಬಗೆಯ ಜ್ವಾಲೆ: ಇಂಧನ ಹೆಚ್ಚಾಗಿ ಬೆರೆತದ್ದು ಕೆಳಗೆ, ಗಾಳಿ ಹೆಚ್ಚಾಗಿ ಬೆರೆತದ್ದು ಹೊರಗೆ, ಉರಿಯುವಾಗಲೇ ಬೆರೆಯುವಂಥದ್ದು ನಡುವೆ. ಮೂರೂ ಕೂಡುವ ಅಂಚಿನಲ್ಲಿ ಹೊಳೆಯುವ ನೀಲಿ ಉಂಗುರ. ಇದಕ್ಕೆಲ್ಲ ಕಾರಣ ಸುಳಿ ‘ಒಡೆಯುವುದು’. ಗಾಳಿ ಮೇಲೇರುವ ವೇಗಕ್ಕೆ ಹೋಲಿಸಿದರೆ ಸುತ್ತುವ ವೇಗ ಒಂದು ಮಿತಿ ಮೀರಿದಾಗ ಸಪೂರ ಕಂಬ ಹಾಗೆಯೇ ನಿಲ್ಲಲಾರದೆ ನಡುವೆ ಉಬ್ಬಿ ಗುಳ್ಳೆಯಾಗುತ್ತದೆ. ಗುಳ್ಳೆಯೊಳಗೆ ಗಾಳಿ ಹಿಂದಕ್ಕೆ, ಕೆಳಕ್ಕೆ ಹರಿಯುತ್ತದೆ. ಬದಿಯಿಂದ ಒಳಬಾರದಿದ್ದ ಗಾಳಿಗೆ ಈಗ ಇಂಧನದ ಜೊತೆ ಬೆರೆಯಲು ಜಾಗ ಸಿಕ್ಕಿತು.

ಟೋಕಿಯೋದಲ್ಲಿ ಕೊಂದದ್ದು ಒಡೆಯದ ಸುಳಿ. ಕುಷಾಯಿಗೂಡದ ಬಾಯ್ಲರಿನಲ್ಲಿ ದುಡಿಯುವುದು ಬೇಕೆಂದೇ ಒಡೆದ ಸುಳಿ. ಡಿಫ್ಯೂಸರಿನ ಓರೆ ಸೀಳುಗಳ ಕೆಲಸ ಬರೀ ಗಾಳಿ ಸುತ್ತಿಸುವುದಲ್ಲ, ನಡುವೆ ಹಿಮ್ಮುಖ ಹರಿವು ಹುಟ್ಟುವಷ್ಟು ಸುತ್ತಿಸುವುದು. ಆಗಲೇ ಉರಿದ ಬಿಸಿ ಅನಿಲ ಹಿಂದಿರುಗಿ ಬಂದು ಹೊಸದಾಗಿ ಬರುವ ಎಣ್ಣೆಗೆ ಕಿಡಿ ಮುಟ್ಟಿಸುತ್ತಲೇ ಇರುತ್ತದೆ.

ಇದರ ಬೆಲೆ ಗೊತ್ತಾಗುವುದು ವಿಮಾನದ ಎಂಜಿನ್ನಿನಲ್ಲಿ. ಹೈಡ್ರೋಕಾರ್ಬನ್ ಜ್ವಾಲೆ ನಿಶ್ಚಲ ಮಿಶ್ರಣದಲ್ಲಿ ಮುಂದೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್, ನಾವು ಅಡ್ಡಾಡುವುದಕ್ಕಿಂತ ನಿಧಾನ. ಜೆಟ್ ಎಂಜಿನ್ನಿನ ದಹನಕೋಣೆಗೆ ಗಾಳಿ ಬರುವುದು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ. ಬೆಂಕಿ ಕ್ಷಣಾರ್ಧದಲ್ಲಿ ಹಾರಿಹೋಗಬೇಕಿತ್ತು. ಹೋಗದಿರುವುದಕ್ಕೆ ಪ್ರತಿ ಇಂಧನ ನಾಝಲ್ ಸುತ್ತ ಕೂರಿಸಿದ, ಗಾಳಿಯನ್ನು ಸುತ್ತಿಸುವ ಓರೆ ಅಲಗುಗಳೇ ಮುಖ್ಯ ಕಾರಣ. 1959ರಲ್ಲಿ ಕಾನ್ಪುರದಲ್ಲಿ ಆರಂಭವಾಗಿ ಬಳಿಕ ಬೆಂಗಳೂರಿಗೆ ಬಂದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಕಾವೇರಿ ಎಂಜಿನ್ನಿಗಾಗಿ ದಶಕಗಟ್ಟಲೆ ಪಟ್ಟ ಪಾಡಿನಲ್ಲಿ ಬೆಂಕಿಯನ್ನು ನೆಲೆ ನಿಲ್ಲಿಸುವ ಇಂಥ ಸೂಕ್ಷ್ಮಗಳ ಪಾಲೂ ಇದೆ. ಒಡೆದ ಸುಳಿಗೂ ತನ್ನದೇ ಚಾಳಿಗಳಿವೆ. ಒಮ್ಮೊಮ್ಮೆ ಕೋಣೆಯ ಸದ್ದಿನ ಅಲೆಗಳ ಜೊತೆ ತಾಳ ಕೂಡಿಸಿಕೊಂಡು, ಲೋಹ ಬಿರಿಯುವಂತೆ ಗುಂಯ್‌ಗುಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಚೆನ್ನೈನ ಐಐಟಿಯಲ್ಲೂ ಲೇಸರ್ ಹಾಯಿಸಿ ಇಂಥ ಜ್ವಾಲೆಗಳ ನಾಡಿ ಹಿಡಿಯುವವರಿದ್ದಾರೆ.

ಸಮುದ್ರದ ಎಣ್ಣೆಯ ಮಾತಿಗೆ ಬಂದರೆ ನನಗೆ ಅರ್ಧ ಆಸೆ, ಅರ್ಧ ಅನುಮಾನ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಬಾವಿ ಸಿಡಿದಾಗ 411 ಬಾರಿ ಎಣ್ಣೆಗೆ ಬೆಂಕಿ ಇಟ್ಟು ಸುಟ್ಟರು. ಹೋದದ್ದು ಚೆಲ್ಲಿದ್ದರ ಶೇಕಡ 5ರಷ್ಟು, ಬಂದದ್ದು ಆಕಾಶ ಮುಚ್ಚುವ ಕರಿಹೊಗೆ. ಸುತ್ತಿಸಿ ಸುಟ್ಟರೆ ಹೊಗೆ ಕಡಿಮೆಯಾಗುತ್ತದೆ, ಎಣ್ಣೆ ಬೇಗ ಮುಗಿಯುತ್ತದೆ, ತಳದಲ್ಲಿ ಉಳಿಯುವ ಡಾಂಬರಿನಂಥ ಗಸಿಯೂ ಕಡಿಮೆ. ತತ್ವವೇನೋ ಸರಿ. ಆದರೆ ಎಣ್ಣೆಯ ಪದರ ಎರಡು ಮೂರು ಮಿಲಿಮೀಟರ್ ದಪ್ಪ ಇರದಿದ್ದರೆ ಕೆಳಗಿನ ನೀರು ಶಾಖ ಹೀರಿ ಬೆಂಕಿ ಆರುತ್ತದೆ. ಅಲೆಗೆ ಕಡೆದು ನೀರು ಬೆರೆತ ಎಣ್ಣೆ ಹೊತ್ತಿಕೊಳ್ಳುವುದೂ ಕಷ್ಟ. 2022ರ ಜೂನ್‌ನಲ್ಲಿ ಉಳ್ಳಾಲದ ಕಡಲಲ್ಲಿ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗ ಅದರ ಹೊಟ್ಟೆಯಲ್ಲಿ ಸುಮಾರು 220 ಟನ್ ಎಣ್ಣೆಯಿತ್ತು. ಸೋರಿದರೆ ಏನು ಗತಿ ಎಂದು ಕರಾವಳಿ ಕಂಗಾಲಾಗಿತ್ತು. ಮುಂಗಾರಿನ ಆ ಅರಬ್ಬಿ ಸಮುದ್ರದಲ್ಲಿ ಸುತ್ತ ಗೋಡೆ ನಿಲ್ಲಿಸಿ, ಗಾಳಿಯನ್ನು ಓರೆಯಾಗಿ ಬಿಟ್ಟುಕೊಂಡು, ಬೆಂಕಿಯನ್ನು ನಾಜೂಕಾಗಿ ತಿರುಗಿಸುವುದನ್ನು ಕಲ್ಪಿಸಿಕೊಳ್ಳಲು ನನಗಾಗದು. ಶಾಂತ ಹಿನ್ನೀರು, ಬಂದರಿನ ಒಳಭಾಗ, ದಡದ ಮೇಲಿನ ಎಣ್ಣೆ ಹೊಂಡ, ಇಂಥ ಕಡೆ ಇದು ನಡೆದೀತು. ಅಲ್ಲೂ ಸಿಗುವುದು ಹಳದಿ ಕಂಬವೇ. ಬೆರಳುದ್ದದ ನೀಲಿ ಸುಳಿಯನ್ನು ಆಳೆತ್ತರಕ್ಕೆ ಬೆಳೆಸುವ ವಿದ್ಯೆ ಬೇರೆಯದೇ ಸವಾಲು.

ಹಾಗೆಂದು ದೈತ್ಯ ಗಾತ್ರದ ಸುತ್ತುವ ಬೆಂಕಿಯೇ ಇಲ್ಲವೆಂದಲ್ಲ. ಅದನ್ನು ನೋಡಲು ಕೃಷ್ಣಾ ತೀರದ ಶಕ್ತಿನಗರಕ್ಕೆ ಬರಬೇಕು. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ 210 ಮೆಗಾವಾಟಿನ ಏಳು, 250ರ ಒಂದು, ಒಟ್ಟು 1,720 ಮೆಗಾವಾಟ್. ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೂ ಇಲ್ಲಿಗೆ ಕಲ್ಲಿದ್ದಲು ಬರುತ್ತದೆ. ಅದನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು, ಬಿಸಿಗಾಳಿಯ ಜೊತೆ ಕುಲುಮೆಯ ನಾಲ್ಕು ಮೂಲೆಗಳಿಂದ ಊದುತ್ತಾರೆ. ನಾಝಲ್‌ಗಳ ಗುರಿ ಒಂದಕ್ಕೊಂದು ಎದುರಲ್ಲ. ಕುಲುಮೆಯ ನಡುವೆ ಒಂದು ಕಾಲ್ಪನಿಕ ವೃತ್ತ, ನಾಲ್ಕೂ ಧಾರೆಗಳು ಅದರ ಅಂಚನ್ನು ಸವರುವಂತೆ ಓರೆ. ನಾಲ್ಕು ಜ್ವಾಲೆಗಳು ಕೂಡಿ ಒಂದೇ ಬೆಂಕಿಯುಂಡೆಯಾಗಿ ಹಗಲೂ ರಾತ್ರಿ ತಿರುಗುತ್ತವೆ. ಎಂಜಿನಿಯರುಗಳು ಕರೆಯುವುದೂ ಫೈರ್‌ಬಾಲ್ ಎಂದೇ. ಸುತ್ತುವುದರಿಂದ ಕಲ್ಲಿದ್ದಲಿನ ಕಣ ಹೆಚ್ಚು ಹೊತ್ತು ಬೆಂಕಿಯಲ್ಲಿದ್ದು ಪೂರ್ತಿ ಉರಿಯುತ್ತದೆ. ನಮ್ಮ ಬೂದಿ ತುಂಬಿದ ಕಲ್ಲಿದ್ದಲಿಗೆ ಇದು ಬೇಕೇಬೇಕು. ಗಾಳಿ ಮೆಲ್ಲಗೆ ಬೆರೆಯುವುದರಿಂದ ನೈಟ್ರೋಜನ್ ಆಕ್ಸೈಡುಗಳೂ ಕಡಿಮೆ. ನಾಝಲ್‌ಗಳನ್ನು ಸುಮಾರು 30 ಡಿಗ್ರಿಯವರೆಗೆ ಮೇಲೆ ಕೆಳಗೆ ಬಾಗಿಸಿ ಇಡೀ ಉಂಡೆಯನ್ನೇ ಏರಿಸಿ ಇಳಿಸಿ ಉಗಿಯ ಶಾಖ ಹೊಂದಿಸುತ್ತಾರೆ.

ಇಂಥ ಉಂಡೆಗೆ ಈಗಿನ ಎದುರಾಳಿ ಬಿಸಿಲು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂಥವು ಮಧ್ಯಾಹ್ನ ಜಾಲಕ್ಕೆ ವಿದ್ಯುತ್ ತುಂಬುವಾಗ ಕಲ್ಲಿದ್ದಲ ಘಟಕಗಳು ತಗ್ಗಬೇಕು, ಸಂಜೆ ಮತ್ತೆ ಏರಬೇಕು. ಪೂರ್ಣ ಸಾಮರ್ಥ್ಯದ ಶೇಕಡ 55ಕ್ಕೆ ಇಳಿಯುವಂತಿರಬೇಕು, ಮುಂದೆ 40ಕ್ಕೂ, ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಕಲ್ಲಿದ್ದಲು ಕಡಿಮೆಯಾದಂತೆ ಧಾರೆಗಳು ಸೊರಗಿ, ಉಂಡೆ ನಡುವಿನಿಂದ ಜಾರಿ ಒಂದು ಗೋಡೆಗೆ ವಾಲುತ್ತದೆ, ಬಡಬಡನೆ ಮಿನುಗುತ್ತದೆ. ಜ್ವಾಲೆ ಕಾಯುವ ಸ್ಕ್ಯಾನರುಗಳಿಗೆ ಬೆಂಕಿ ಕಾಣದಿದ್ದರೆ ಇಡೀ ಘಟಕ ಟ್ರಿಪ್ ಆಗುತ್ತದೆ. ಹಾಗಾಗದಂತೆ ಆಪರೇಟರ್ ಎಣ್ಣೆಯ ಗನ್ನುಗಳನ್ನು ಒಳತಳ್ಳಿ ಬೆಂಕಿಗೆ ಆಸರೆ ಕೊಡುತ್ತಾನೆ. ಆ ಎಣ್ಣೆ ಕಲ್ಲಿದ್ದಲಿಗಿಂತ ಬಹಳ ದುಬಾರಿ. ಹಾಗಾಗಿ ಕಲ್ಲಿದ್ದಲು ಅರೆಯುವ ಯಾವ ಮಿಲ್ ನಿಲ್ಲಿಸಿ ಯಾವುದನ್ನು ನಡೆಸಬೇಕು, ಯಾವ ಎತ್ತರದ ನಾಝಲ್‌ಗಳನ್ನು ಉಳಿಸಿಕೊಳ್ಳಬೇಕು ಎಂಬ ಲೆಕ್ಕಾಚಾರ ಈಗ ಇಂಥ ಕೇಂದ್ರಗಳ ಕಂಟ್ರೋಲ್ ರೂಮುಗಳಲ್ಲಿ ದಿನವೂ ನಡೆಯುತ್ತದೆ.